ಚುಕ್ಕೆ ಹುಡುಕುವ ಮೊದಲು ಕಿವಿರು ನೋಡಿ

ಬೆಳಿಗ್ಗೆ ಉಪ್ಪುನೀರಿನ ಮೀನಿನ ಟ್ಯಾಂಕಿನ ದೀಪ ಹೊತ್ತಿದಾಗ ಜೋಡಿ ಕ್ಲೌನ್ ಮೀನಿನಲ್ಲಿ ದೊಡ್ಡದು ವೇವ್‌ಮೇಕರ್‌ನ (ನೀರನ್ನು ಅಲೆಯಂತೆ ತಳ್ಳುವ ಪಂಪ್) ರಭಸಕ್ಕೆ ಮುಖ ಕೊಟ್ಟು ನಿಂತಿತ್ತು. ತಿನಿಸು ಹಾಕಿದರೂ ತಿರುಗಲಿಲ್ಲ. ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಗಡಿಯಾರ ಇಟ್ಟುಕೊಂಡು ಕಿವಿರಿನ ಬಡಿತ ಎಣಿಸಿದರೆ ಅರ್ಧ ನಿಮಿಷಕ್ಕೆ 70, ಅಂದರೆ ನಿಮಿಷಕ್ಕೆ 140. ಚೆನ್ನಾಗಿದ್ದಾಗ ಅದೇ ಮೀನಿನ ಎಣಿಕೆ ನಿಮಿಷಕ್ಕೆ 80ರ ಆಸುಪಾಸು.

ಇಂಥ ಹೊತ್ತಿನಲ್ಲಿ ಮೊದಲ ಅನುಮಾನ ನೀರಿನ ಮೇಲೆ. ಅಮೋನಿಯಾ ಏರಿದರೆ, ಆಮ್ಲಜನಕ ಇಳಿದರೆ ಎಲ್ಲ ಮೀನೂ ಒಟ್ಟಿಗೆ ಏದುಸಿರು ಬಿಡುತ್ತವೆ. ಇಲ್ಲಿ ಟ್ಯಾಂಕಿನ ಇನ್ನೊಂದು ಮೀನು ಗೋಬಿ ಮರಳಿನ ಮೇಲೆ ನೆಮ್ಮದಿಯಾಗಿತ್ತು. ಅಮೋನಿಯಾ 0, ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ. ನೀರಿನ ತಪ್ಪಲ್ಲ.

ದೀಪ ಆರಿಸಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದಾಗ ಕಂಡಿತು: ಕಿತ್ತಳೆ ಮೈಮೇಲೆ ವಿಭೂತಿ ಉದುರಿದಂಥ ಸಣ್ಣ ಧೂಳು. ವೆಲ್ವೆಟ್ ರೋಗ, ಅಂದರೆ ಅಮೈಲೋಓಡಿನಿಯಮ್ ಎಂಬ ಪರೋಪಜೀವಿ. ಬಿಳಿ ಚುಕ್ಕೆ ರೋಗವಾದ ಇಕ್ ಆಗಿದ್ದರೆ ಉಪ್ಪಿನ ಹರಳು ಅಂಟಿದಂತೆ ಚುಕ್ಕೆಗಳನ್ನು ಬಿಡಿಬಿಡಿಯಾಗಿ ಎಣಿಸಬಹುದು. ಕ್ಲೌನ್ ಮೀನುಗಳನ್ನು ಕಾಡುವ ಇನ್ನೊಂದು ಪರೋಪಜೀವಿ ರೋಗ ಬ್ರೂಕ್ಲಿನೆಲ್ಲಾದಲ್ಲಿ ಲೋಳೆ ಪದರವಾಗಿ ಸುಲಿದು ನೇತಾಡುತ್ತದೆ, ಅದಕ್ಕೆ ವೆಲ್ವೆಟ್‌ಗೆ ಕೊಡುವ ತಾಮ್ರದ ಔಷಧ ನಾಟುವುದಿಲ್ಲ, ಫಾರ್ಮಲಿನ್ ಬೇಕು. ವೆಲ್ವೆಟ್ ಮೊದಲು ಹಿಡಿಯುವುದು ಕಿವಿರನ್ನು. ಮೈಮೇಲೆ ಧೂಳು ಕಾಣುವ ಹೊತ್ತಿಗೆ ಕೈಯಲ್ಲಿ ಉಳಿಯುವುದು ಒಂದೆರಡು ದಿನ, ಕೆಲವೊಮ್ಮೆ ಕೆಲವೇ ಗಂಟೆ.

ಮೊದಲು ಸಿಹಿನೀರಿನ ಸ್ನಾನ. ಆರ್‌ಓ ನೀರನ್ನು 26 ಡಿಗ್ರಿಗೆ ತಂದು, ಅಡುಗೆ ಸೋಡಾ ಹಾಕಿ ಪಿಎಚ್ 8.2ಕ್ಕೆ ಏರಿಸಿ, ಅರ್ಧ ಗಂಟೆ ಏರ್ ಸ್ಟೋನ್ ಓಡಿಸಿ, ಮೀನನ್ನು 5 ನಿಮಿಷ ಬಿಟ್ಟದ್ದು. ಪಾತ್ರೆಯ ತಳ ಕಪ್ಪಗಿರಲಿ. ಚರ್ಮದ ಫ್ಲೂಕ್ ಹುಳು ಇದ್ದರೆ ಎಳ್ಳಿನಂಥ ಬಿಳಿ ಚಕ್ಕೆಗಳು ಉದುರಿ ಬೀಳುತ್ತವೆ. ಒಂದೂ ಬೀಳಲಿಲ್ಲ. ಈ ಸ್ನಾನ ಕಿವಿರಿನ ಭಾರವನ್ನು ಒಂದಿಷ್ಟು ಇಳಿಸುತ್ತದೆ, ರೋಗ ವಾಸಿಮಾಡುವುದಿಲ್ಲ.

ಆಮೇಲೆ ಗೋಬಿ ಸೇರಿದಂತೆ ಎಲ್ಲ ಮೀನೂ 40 ಲೀಟರಿನ ಬೇರೆ ಟ್ಯಾಂಕಿಗೆ. ಒಳಗೆ ಸ್ಪಾಂಜ್ ಫಿಲ್ಟರ್, ಅಡಗಲು ಪಿವಿಸಿ ತುಂಡು, ಅಷ್ಟೇ. ಕಲ್ಲು, ಮರಳು ಬೇಡ, ಅವು ತಾಮ್ರ ಹೀರುತ್ತವೆ. ಹವಳ, ಬಸವನಹುಳ, ಸೀಗಡಿ ಇರುವ ಟ್ಯಾಂಕಿಗೆ ತಾಮ್ರ ಹಾಕಿದರೆ ಅವೆಲ್ಲ ಸಾಯುತ್ತವೆ. ಚೀಲೇಟೆಡ್ ತಾಮ್ರವನ್ನು (ಬೇರೆ ಅಣುವಿಗೆ ಕಟ್ಟಿದ ತಾಮ್ರ) ಎರಡು ಕಂತಿನಲ್ಲಿ 24 ಗಂಟೆಯೊಳಗೆ 2.5 ಪಿಪಿಎಂಗೆ ಏರಿಸಿ 30 ದಿನ ಹಾಗೇ ಹಿಡಿಯಬೇಕು. ಹಾಗೆ ಕಟ್ಟದ ಅಯಾನಿಕ್ ತಾಮ್ರಕ್ಕೆ ಇದೇ ಲೆಕ್ಕ ಹಾಕಬೇಡಿ, ಮೀನು ಉಳಿಯುವುದಿಲ್ಲ. ಅಮೋನಿಯಾ ಹಿಡಿಯುವ ದ್ರಾವಣವನ್ನೂ ಜೊತೆಗೆ ಸುರಿಯಬಾರದು, ತಾಮ್ರದ ವಿಷ ಏರುತ್ತದೆ. ಅಮೋನಿಯಾ ಕಂಡರೆ 10 ಲೀಟರ್ ನೀರು ಬದಲಿಸಿ, ಹೊಸ ನೀರಿಗೂ ಅಷ್ಟೇ ಪ್ರಮಾಣದ ತಾಮ್ರ ಬೆರೆಸಿ.

ತಾಮ್ರ ಸಾಯಿಸುವುದು ನೀರಿನಲ್ಲಿ ಈಜುವ ಪರೋಪಜೀವಿಯ ಮರಿಗಳನ್ನು ಮಾತ್ರ. ಮೀನಿಗೆ ಅಂಟಿಕೊಂಡವು ತಾವಾಗಿ ಉದುರಬೇಕು. ಹಾಗಾಗಿ ಮರುದಿನವೂ ಎಣಿಕೆ ನಿಮಿಷಕ್ಕೆ 130. ಆಗ ಔಷಧ ಬದಲಿಸುವವರೇ ಹೆಚ್ಚು, ಬದಲಿಸಬೇಡಿ. ನಾಲ್ಕನೆಯ ದಿನ 90. ಸಂಜೆ ಒಂದು ಮೈಸಿಸ್ ಸೀಗಡಿ ನುಂಗಿತು. ದೊಡ್ಡ ಟ್ಯಾಂಕಿನಲ್ಲಿ ಉಳಿದ ಪರೋಪಜೀವಿ ಮೀನು ಸಿಗದೆ ಸಾಯಲೆಂದು ಅದನ್ನು 76 ದಿನ ಖಾಲಿ ಬಿಡಬೇಕು, ಆ ಲೆಕ್ಕ ಮೀನು ಹೊರತೆಗೆದ ದಿನದಿಂದ ಶುರು.