ಉಯಿಲು ರಿಜಿಸ್ಟರ್ ಆಗಿದ್ದರೂ ಸಾಕ್ಷಿ ಬಾಯಿಬಿಡಲೇಬೇಕು

ಉಯಿಲಿನ ತಕರಾರು ಕೋರ್ಟಿಗೆ ಬಂದಾಗ ಅದನ್ನು ನೆಚ್ಚಿಕೊಂಡವರು ಮೊದಲು ಹೇಳುವ ಮಾತು, "ರಿಜಿಸ್ಟರ್ ಆಗಿದೆಯಲ್ಲ, ಇನ್ನೇನು ಬೇಕು?" ಎಂಬುದು. ಈ ನಂಬಿಕೆಯಿಂದಲೇ ನಿಜವಾದ ಉಯಿಲುಗಳೂ ಬಿದ್ದುಹೋಗುತ್ತವೆ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಛಾಪಾ ಕಾಗದವೂ ಬೇಡ, ಬಿಳಿ ಹಾಳೆ ಸಾಕು. ಆದರೆ ನೋಂದಣಿ ಆಗಿರಲಿ, ಆಗದಿರಲಿ, ಸಾಬೀತು ಮಾಡುವ ದಾರಿ ಒಂದೇ: ಸಹಿ ಹಾಕಿದ ಸಾಕ್ಷಿಗಳಲ್ಲಿ ಕನಿಷ್ಠ ಒಬ್ಬರು ಕಟಕಟೆಗೆ ಬರಬೇಕು. ನೋಂದಾಯಿತ ದಾನಪತ್ರವಾದರೆ ಎದುರಾಳಿ ನಿರ್ದಿಷ್ಟವಾಗಿ ಅಲ್ಲಗಳೆಯದ ಹೊರತು ಸಾಕ್ಷಿಯನ್ನು ಕರೆಸಬೇಕಿಲ್ಲ. ಉಯಿಲಿಗೆ ಆ ವಿನಾಯಿತಿ ಇಲ್ಲ. ಹಳೆಯ ಸಾಕ್ಷ್ಯ ಅಧಿನಿಯಮದ 68ನೇ ಕಲಮಿನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಮಿನಲ್ಲಿದೆ. ಮೂವತ್ತು ವರ್ಷ ಹಳೆಯ ದಾಖಲೆಯನ್ನು ಅಸಲಿ ಎಂದು ಭಾವಿಸಬಹುದಾದ ಸೌಲಭ್ಯವೂ ಉಯಿಲಿಗೆ ಸಿಗದು.

ಸಾಕ್ಷಿ ಬಂದು ಏನು ಹೇಳಬೇಕು ಎಂಬಲ್ಲೇ ಹೆಚ್ಚಿನ ಕೇಸುಗಳು ಎಡವುವುದು. ಮುಖ್ಯ ವಿಚಾರಣೆ, ಅಂದರೆ ಸಾಕ್ಷಿ ತನ್ನನ್ನು ಕರೆಸಿದವರ ಪರ ಕೊಡುವ ಮೊದಲ ಹೇಳಿಕೆ, ಈಗ ಪ್ರಮಾಣಪತ್ರದ (ಅಫಿಡವಿಟ್) ಮೂಲಕ ನಡೆಯುತ್ತದೆ. ಅದರಲ್ಲಿ "ಸದರಿ ಉಯಿಲಿಗೆ ನಾನು ಸಾಕ್ಷಿಯಾಗಿ ರುಜು ಹಾಕಿರುತ್ತೇನೆ" ಎಂದು ಒಂದೇ ಸಾಲು ಬರೆದು ಮುಗಿಸಿರುತ್ತಾರೆ. ಇದು ಸಾಲದು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೇ ಕಲಂ ಕೇಳುವುದೆಲ್ಲ ಸಾಕ್ಷಿಯ ಮಾತಿನಲ್ಲೇ ಬರಬೇಕು. ಉಯಿಲು ಬರೆಸಿದವರು ಸಹಿ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ, ಇಲ್ಲವೇ "ಇದು ನನ್ನದೇ ಸಹಿ" ಎಂದು ಅವರೇ ನನಗೆ ಹೇಳಿದರು. ಅವರ ಎದುರಿನಲ್ಲೇ ನಾನು ಸಹಿ ಹಾಕಿದೆ. ಇನ್ನೊಬ್ಬ ಸಾಕ್ಷಿಯೂ ಅವರ ಸಹಿಯನ್ನು ನೋಡಿದರು, ಅವರ ಎದುರೇ ತಮ್ಮ ಸಹಿ ಹಾಕಿದರು.

ಆ ಕೊನೆಯ ಮಾತನ್ನು ಮರೆಯುವವರೇ ಹೆಚ್ಚು. ಒಬ್ಬ ಸಾಕ್ಷಿಯನ್ನು ಕರೆಸಿದರೆ ಸಾಕು ಎಂದು ಕಾನೂನು ಹೇಳುವುದು ನಿಜ, ಆದರೆ ಆ ಒಬ್ಬರ ಬಾಯಿಂದ ಇಬ್ಬರ ಸಾಕ್ಷಿಯೂ ಸಾಬೀತಾಗಬೇಕು. ಇನ್ನೊಬ್ಬರು ಯಾವಾಗ ಸಹಿ ಹಾಕಿದರೋ ತನಗೆ ಗೊತ್ತಿಲ್ಲ ಎಂದು ಮೊದಲ ಸಾಕ್ಷಿ ಹೇಳಿದರೆ ಆ ಇನ್ನೊಬ್ಬರನ್ನೂ ಕರೆಸಲೇಬೇಕು. ಜಾನಕಿ ನಾರಾಯಣ ಭೋಯಿರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಇಬ್ಬರು ಸಾಕ್ಷಿಗಳೂ ಒಂದೇ ಹೊತ್ತಿಗೆ ಒಂದೇ ಕೋಣೆಯಲ್ಲಿ ಇರಬೇಕೆಂದೇನೂ ಇಲ್ಲ. ಇರಬೇಕೆಂದು ಭಾವಿಸಿ ಇಲ್ಲದ್ದನ್ನು ಸೇರಿಸಿ ಹೇಳಿದ ಸಾಕ್ಷಿ ಪಾಟೀಸವಾಲಿನಲ್ಲಿ ಸಿಕ್ಕಿಬೀಳುತ್ತಾರೆ. ನಡೆದಂತೆ ಹೇಳಿದರೆ ಸಾಕು.

ಇನ್ನೊಂದು ತಪ್ಪು ಕಲ್ಪನೆ ಗುರುತು ಹಾಕುವುದರ ಬಗ್ಗೆ. ವಾದಿ ತನ್ನ ಹೇಳಿಕೆಯಲ್ಲಿ ಉಯಿಲನ್ನು ಹಾಜರುಪಡಿಸಿ ಅದಕ್ಕೆ ನಿಶಾನೆ ಪಿ-1 ಎಂದು ಗುರುತು ಬಿದ್ದರೆ ಅದು ಕಡತ ಸೇರಿತು ಅಷ್ಟೇ, ಸಾಬೀತಾಗಲಿಲ್ಲ. ಸಾಕ್ಷಿ ಬಂದಾಗ ಮೂಲ ಪ್ರತಿಯನ್ನೇ ಅವರ ಕೈಗೆ ಕೊಟ್ಟು, ಬರೆಸಿದವರ ಸಹಿ ಪುಟಪುಟದಲ್ಲಿ ಎಲ್ಲಿದೆ ಎಂದು ತೋರಿಸಲು ಹೇಳಿ, ಅದನ್ನು ಪಿ-1(ಎ) ಎಂದೂ ಸಾಕ್ಷಿಗಳ ಸಹಿಗಳನ್ನು ಪಿ-1(ಬಿ), ಪಿ-1(ಸಿ) ಎಂದೂ ಗುರುತಿಸಿಕೊಳ್ಳಬೇಕು. ಬರೆಸಿದವರು ಹೆಬ್ಬೆಟ್ಟು ಒತ್ತಿದ್ದರೆ ಅದೂ ಸಿಂಧು. ಆದರೆ ಜೀವಮಾನವಿಡೀ ಸಹಿ ಹಾಕುತ್ತಿದ್ದವರು ಉಯಿಲಿಗೆ ಮಾತ್ರ ಹೆಬ್ಬೆಟ್ಟು ಯಾಕೆ ಒತ್ತಿದರು ಎಂಬುದಕ್ಕೆ ಉತ್ತರ ಬೇಕು. ಲಕ್ವ ಹೊಡೆದು ಕೈ ಬಿದ್ದಿದ್ದರೆ ಆಸ್ಪತ್ರೆಯ ದಾಖಲೆ ತನ್ನಿ.

ಬಿಕ್ಕಲಂ ಬರೆದವರನ್ನು, ಅಂದರೆ ಉಯಿಲನ್ನು ಕಾಗದದ ಮೇಲೆ ಬರೆದುಕೊಟ್ಟವರನ್ನು, ಕರೆಸಿ ಸಾಕ್ಷಿ ಆಯಿತು ಎನ್ನುವವರಿದ್ದಾರೆ. ಪತ್ರ ಬರೆದವರು ಬರೆದವರೆಂದು ಸಹಿ ಹಾಕಿರುತ್ತಾರೆಯೇ ಹೊರತು ಸಾಕ್ಷಿಯಾಗಿ ಅಲ್ಲ. ಸಬ್ ರಿಜಿಸ್ಟ್ರಾರ್ ಸಹಿಯದ್ದೂ ಅದೇ ಕಥೆ. ಸಾಕ್ಷಿಯಾಗುವ ಉದ್ದೇಶದಿಂದಲೇ, ಬರೆಸಿದವರ ಎದುರು ಸಹಿ ಹಾಕಿದರೆಂದು ತೋರಿಸದಿದ್ದರೆ ಆ ಸಹಿ ಬರೀ ಕಚೇರಿಯ ಕೆಲಸ.

ಸಾಕ್ಷಿಗಳಿಬ್ಬರೂ ತೀರಿಕೊಂಡಿದ್ದರೆ ಬಾಗಿಲು ಮುಚ್ಚಿತು ಎಂದಲ್ಲ. ಒಬ್ಬ ಸಾಕ್ಷಿಯ ಸಹಿ ಮತ್ತು ಬರೆಸಿದವರ ಸಹಿ ಅವರವರ ಕೈಬರಹವೇ ಎಂದು ಸಾಬೀತು ಮಾಡಬಹುದು. ಅವರ ಸಹಿಯ ಪರಿಚಯವಿರುವ ಮಗ, ಜೊತೆಯಲ್ಲಿ ಕೆಲಸ ಮಾಡಿದವರು ಇದನ್ನು ಹೇಳಬಹುದು. ಆದರೆ ಮೊದಲು ಮರಣ ಪ್ರಮಾಣಪತ್ರ ಹಾಕಿ. ಸಾಕ್ಷಿ ಊರು ಬಿಟ್ಟಿದ್ದಾರೆ ಎನ್ನುವುದಾದರೆ ಸಮನ್ಸ್ ಕಳಿಸಿ, ಅದು ಜಾರಿಯಾಗದೆ ವಾಪಸಾದ ವರದಿ ಕಡತದಲ್ಲಿರಲಿ. ಹುಡುಕಿದ ಗುರುತೇ ಇಲ್ಲದಿದ್ದರೆ ಈ ಅನುಕೂಲ ಸಿಗುವುದಿಲ್ಲ. ಸಾಕ್ಷಿ ಉಲ್ಟಾ ಹೊಡೆದರೆ ಅಥವಾ ನೆನಪಿಲ್ಲ ಎಂದರೆ ಬೇರೆ ಪುರಾವೆ ಕೊಡಬಹುದು, ಆದರೆ ಇನ್ನೊಬ್ಬ ಸಾಕ್ಷಿ ಬದುಕಿದ್ದೂ ಕರೆಸದೆ ಆ ದಾರಿ ಹಿಡಿಯುವಂತಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಇನ್ನೊಂದು ಕಟ್ಟೆ ದಾಟಬೇಕು. ಇಡೀ ದೇಶದ ನ್ಯಾಯಾಲಯಗಳು ಇಂದಿಗೂ ಅಳತೆಗೋಲಾಗಿ ಬಳಸುವ 1958ರ ಎಚ್. ವೆಂಕಟಾಚಲ ಅಯ್ಯಂಗಾರ್ ತೀರ್ಪು ನಮ್ಮ ಮೈಸೂರಿನ ಉಯಿಲಿನದೇ. ಅನುಮಾನಕ್ಕೆ ಎಡೆಮಾಡುವ ಸಂಗತಿಗಳಿದ್ದರೆ, ಅವನ್ನು ನಿವಾರಿಸಿ ನ್ಯಾಯಾಲಯದ ಅಂತಃಸಾಕ್ಷಿಗೆ ಸಮಾಧಾನ ತರುವ ಹೊಣೆ ಉಯಿಲು ಮುಂದಿಟ್ಟವರದು. ಹೆಚ್ಚಿನ ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದರೆ ಅದೇ ದೊಡ್ಡ ಅನುಮಾನ. ಮೋಸ, ಒತ್ತಡ ಎಂದು ಆರೋಪಿಸುವವರು ಮಾತ್ರ ಅದನ್ನು ತಾವೇ ಸಾಬೀತು ಮಾಡಬೇಕು.

ಹಾಳೆಯನ್ನೇ ಹತ್ತಿರದಿಂದ ನೋಡಿ. ಕೊನೆಯ ಪುಟದಲ್ಲಿ ಸಹಿಯ ಮೇಲಿನ ಸಾಲುಗಳು ಮಾತ್ರ ಒತ್ತೊತ್ತಾಗಿವೆಯೇ? ಅಕ್ಷರ ಸಹಿಗೆ ತಾಗದಂತೆ ಬಾಗಿ ಹೋಗಿದೆಯೇ? ಹಾಗಿದ್ದರೆ ಖಾಲಿ ಹಾಳೆಗೆ ಮೊದಲೇ ಸಹಿ ತೆಗೆದುಕೊಂಡರು ಎಂಬ ವಾದ ಬರುವುದು ಖಂಡಿತ. ಹೆಂಡತಿಯ ಹೆಸರೇ ಇಲ್ಲ, ಹೆಣ್ಣುಮಕ್ಕಳಿಗೆ ಯಾಕೆ ಕೊಡಲಿಲ್ಲ ಎಂಬ ಮಾತೂ ಇಲ್ಲ ಎಂದರೆ ಅದೂ ಪ್ರಶ್ನೆಯಾಗುತ್ತದೆ. ಒಬ್ಬರಿಗೆ ಕಡಿಮೆ ಕೊಟ್ಟಿದ್ದೇ ತಪ್ಪಲ್ಲ. ಕಾರಣ ಒಂದು ಸಾಲಿನಲ್ಲಿದ್ದರೂ ಉಯಿಲಿನ ಬಲ ಹೆಚ್ಚುತ್ತದೆ.

ಆದರೆ ಉಯಿಲನ್ನು ಕೆಡಿಸುವುದರಲ್ಲಿ ಎಲ್ಲಕ್ಕಿಂತ ಮುಂದಿರುವುದು ಸಾವಿನ ನಂತರದ ಮೊದಲ ವರ್ಷದ ಕಾಗದಗಳು. ಅಪ್ಪ ತೀರಿದ ಕೆಲವೇ ತಿಂಗಳಲ್ಲಿ ಮಗ ವಂಶವೃಕ್ಷ ಮಾಡಿಸಿ ಎಲ್ಲರ ಹೆಸರಿನಲ್ಲೂ ಪೌತಿ ಖಾತೆಗೆ ಅರ್ಜಿ ಹಾಕುತ್ತಾನೆ, ಪಹಣಿಯಲ್ಲಿ ಜಂಟಿ ಹೆಸರು ಬರುತ್ತದೆ. ತಂಗಿಯ ವಕೀಲರ ನೋಟಿಸಿಗೆ ಕೊಟ್ಟ ಉತ್ತರದಲ್ಲೂ ಉಯಿಲಿನ ಸೊಲ್ಲಿಲ್ಲ. ಭಾಗದ ದಾವೆ ಬಿದ್ದ ಮೇಲೆ, ಲಿಖಿತ ಹೇಳಿಕೆಯಲ್ಲಿ ಮೊದಲ ಬಾರಿಗೆ ಉಯಿಲು ಕಾಣಿಸಿಕೊಳ್ಳುತ್ತದೆ. ಅದು ಅಸಲಿಯೇ ಆಗಿದ್ದರೂ ಇಷ್ಟು ದಿನ ಎಲ್ಲಿತ್ತು ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿರುವುದಿಲ್ಲ. ಉಯಿಲು ಕೈಯಲ್ಲಿದ್ದರೆ ಮೊದಲ ಅರ್ಜಿಯಲ್ಲೇ, ಮೊದಲ ಉತ್ತರದಲ್ಲೇ ಹೇಳಿ. ತಕರಾರು ಬಂದರೆ ಕಂದಾಯ ಅಧಿಕಾರಿಗಳು ಅದನ್ನು ತೀರ್ಮಾನಿಸುವಂತಿಲ್ಲ, ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಆದರೂ ಆ ಅರ್ಜಿಯ ಪ್ರತಿ ಮುಂದೆ ನಿಮ್ಮ ಪುರಾವೆಯಾಗುತ್ತದೆ.

ಸಹಿ ತನಿಖೆಗೆ ತಜ್ಞರ ಬಳಿ ಕಳಿಸುವುದಾದರೆ ಹೋಲಿಕೆಯ ಸಹಿಗಳು ಅದೇ ಕಾಲದವಾಗಿರಲಿ: ಬ್ಯಾಂಕಿನ ಕಾಗದ, ನೋಂದಾಯಿತ ಕ್ರಯಪತ್ರ. ಇಪ್ಪತ್ತು ವರ್ಷ ಹಿಂದಿನ ಗಟ್ಟಿ ಸಹಿಗೆ ಎಂಬತ್ತರ ನಡುಗುವ ಕೈಯ ಸಹಿ ಹೊಂದುವುದಿಲ್ಲ. ತಜ್ಞರದು ಅಭಿಪ್ರಾಯ ಮಾತ್ರ, ಸಾಕ್ಷಿಯ ಜಾಗವನ್ನು ಅದು ತುಂಬದು.

ಉಯಿಲನ್ನು ಪ್ರಶ್ನಿಸುವವರು ಮೊದಲು ಉಪನೋಂದಣಿ ಕಚೇರಿಗೆ ಹೋಗಿ. ನೋಂದಾಯಿತ ಉಯಿಲಿನ ನಕಲು ಅಲ್ಲಿ 3ನೇ ಪುಸ್ತಕದಲ್ಲಿರುತ್ತದೆ. ಬರೆಸಿದವರು ಬದುಕಿರುವಾಗ ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ ಸಿಗುವ ಈ ನಕಲು, ಮರಣಾನಂತರ ಅರ್ಜಿ ಹಾಕಿದ ಯಾರಿಗಾದರೂ ಸಿಗುತ್ತದೆ. ಅದನ್ನು ಮೂಲದೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡಿ. ಜೊತೆಗೆ ಆಸ್ತಿ ಯಾವುದೆಂದು ವಿಚಾರಿಸಿ. ಪಿತ್ರಾರ್ಜಿತವಾದರೆ ಅಪ್ಪ ಉಯಿಲು ಬರೆಯಬಹುದಾದದ್ದು ತನ್ನ ಪಾಲಿನ ಮಟ್ಟಿಗೆ ಮಾತ್ರ. ಉಯಿಲು ಪೂರ್ತಿ ಸಾಬೀತಾದರೂ ಉಳಿದವರ ಪಾಲು ಕರಗುವುದಿಲ್ಲ.

ಉಯಿಲು ಮುಂದಿಡುವವರ ಸಾಕ್ಷಿಗೆ ವಯಸ್ಸಾಗಿದ್ದರೆ ವಿಚಾರಣೆಯ ಹಂತ ಬರುವವರೆಗೆ ಕಾಯಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 16ನೇ ನಿಯಮದಡಿ ಈಗಲೇ ಹೇಳಿಕೆ ದಾಖಲಿಸಿಕೊಳ್ಳಿ ಎಂದು ಕೇಳಬಹುದು. ಹಾಸಿಗೆ ಹಿಡಿದಿದ್ದರೆ ಮನೆಗೇ ಕಮಿಷನರ್ ಕಳಿಸುವಂತೆ 26ನೇ ಆದೇಶದಡಿ ಅರ್ಜಿ ಹಾಕಿ, ವೈದ್ಯರ ಪ್ರಮಾಣಪತ್ರವನ್ನು ಅದರ ಜೊತೆಗೇ ಲಗತ್ತಿಸಿ.