ನಾನು ಹಾಕದ ಓಟು

2019ರ ಜುಲೈ 19, ಶುಕ್ರವಾರ. ದಕ್ಷಿಣ ಕೊರಿಯಾದ ದೇಜನ್ ನಗರದ ನನ್ನ ಬಾಡಿಗೆ ರೂಮಿನಲ್ಲಿ ಕುಕ್ಕರ್‌ಗೆ ಬೇಳೆ ಇಟ್ಟಿದ್ದೆ. ಪಕ್ಕದ ಲ್ಯಾಪ್‌ಟಾಪಿನಲ್ಲಿ ‘ಪ್ರೊಡ್ಯೂಸ್ ಎಕ್ಸ್ 101’ ಟೀವಿ ಶೋನ ಫೈನಲ್, ರಾಜಧಾನಿ ಸೋಲ್‌ನ ಜಾಮ್‌ಸಿಲ್‌ನಿಂದ ಲೈವ್ ಬರ್ತಿತ್ತು. 101 ಹುಡುಗರಿಂದ ಶುರುವಾದ ಶೋ. ಕೊನೆಗೆ 11 ಜನರ ಪಾಪ್ ಹಾಡಿನ ಗುಂಪು ಕಟ್ಟಬೇಕು. ಆರಿಸುವವರು ನೋಡುಗರು. ಶೋನಲ್ಲಿ ನಮ್ಮನ್ನು ಕರೆಯುತ್ತಿದ್ದದ್ದೇ ‘ರಾಷ್ಟ್ರದ ನಿರ್ಮಾಪಕರು’ ಅಂತ.

ನನಗೆ ಅಂಥ ಹುಚ್ಚೇನೂ ಇರಲಿಲ್ಲ. ಹುಚ್ಚು ಇದ್ದದ್ದು ನಮ್ಮ ಲ್ಯಾಬಿನ ಸೀನಿಯರ್‌ಗೆ. ಅಲ್ಲಿನ ರೂಢಿಯಂತೆ ಅವಳನ್ನು ನಾನು ‘ಸೊನ್‌ಬೆ’ ಅಂತಿದ್ದೆ. ಅವಳ ‘ವನ್‌ಪಿಕ್’ ಲೀ ಜಿನ್‌ಹ್ಯೊಕ್. ಶುರುವಿನಲ್ಲಿ ಒಬ್ಬೊಬ್ಬರೂ 11 ಜನರಿಗೆ ಓಟು ಹಾಕಬಹುದಿತ್ತು, ಫೈನಲ್‌ನಲ್ಲಿ ಒಬ್ಬನಿಗೆ ಮಾತ್ರ. ಆಗ ಯಾರ ಹೆಸರು ಬಾಯಿಗೆ ಬರುತ್ತದೋ ಅವನೇ ವನ್‌ಪಿಕ್. ಜಿನ್‌ಹ್ಯೊಕ್ ಹೊಸಬನಲ್ಲ. 2015ರಲ್ಲೇ ಒಂದು ಗುಂಪಿನ ಜೊತೆ ಬಂದಿದ್ದ, ಅಷ್ಟಾಗಿ ಹೆಸರಾಗಿರಲಿಲ್ಲ. ‘ಎರಡನೇ ಸಲ ಬಂದು ಕೇಳ್ತಿದ್ದಾನೆ, ಇಲ್ಲ ಅನ್ನೋಕಾಗುತ್ತಾ?’ ಅಂತಿದ್ದಳು ಸೊನ್‌ಬೆ. ಅವಳ ಥೀಸಿಸ್ ಕೂಡ ಆ ವರ್ಷ ಒಂದು ಸಲ ವಾಪಸ್ ಬಂದಿತ್ತು. ನಾನು ಸುಮ್ನೆ ತಲೆ ಆಡಿಸಿದ್ದೆ.

ಓಟಿಗಾಗಿ ಆಕೆ ಪಟ್ಟ ಪಾಡು ನೋಡಬೇಕಿತ್ತು. ಚಿಕ್ಕಮ್ಮ, ಕ್ಯಾಂಟೀನ್ ಅಜ್ಜಿ, ಗೇಟಿನ ಗಾರ್ಡ್, ಯಾರನ್ನೂ ಬಿಡಲಿಲ್ಲ. ನಮ್ಮೂರ ಹುಡುಗ ಹಾಡಿನ ಶೋಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿ, ಅಂಗಡಿ ಅಂಗಡಿಗೂ ಹೋಗಿ ‘ಒಂದು ಎಸ್ಸೆಮ್ಮೆಸ್ ಮಾಡ್ರಪ್ಪಾ’ ಅಂತ ಕೇಳ್ತಿದ್ದದ್ದು ನೆನಪಾಯಿತು. ಇಲ್ಲಿ ಫ್ಲೆಕ್ಸ್ ಬದಲು ಸಬ್‌ವೇ ಸ್ಟೇಷನ್ನಿನಲ್ಲಿ ದೊಡ್ಡ ಜಾಹೀರಾತು. ಅದಕ್ಕೆ ದುಡ್ಡು ಹಾಕುವವರು ಅಭಿಮಾನಿಗಳೇ. ಓಟು ಹಾಕಿದವರು ಸ್ಕ್ರೀನ್‌ಶಾಟ್ ತೆಗೆದು ಸಾಬೀತು ಮಾಡಬೇಕು, ಅದಕ್ಕೆ ‘ಇಂಜುಂಗ್ ಶಾಟ್’ ಅಂತ ಹೆಸರು.

ಫೈನಲ್ ಓಟು ಮೆಸೇಜಿನಲ್ಲಿ, ಒಂದಕ್ಕೆ 100 ವೊನ್. ನಮ್ಮ ಲೆಕ್ಕದಲ್ಲಿ ಆಗ ಆರು ರೂಪಾಯಿಯಷ್ಟು. ಕೊರಿಯಾದ ನಂಬರ್ ಇರಬೇಕು. ಹಾಗಾಗಿ ಜಕಾರ್ತದಲ್ಲೋ ಬೆಂಗಳೂರಿನಲ್ಲೋ ಕೂತು ಅಳುವ ಅಭಿಮಾನಿಗಿಂತ, ಬೇಳೆ ಬೇಯಿಸುತ್ತಾ ಕೂತ ನನ್ನ ಫೋನಿಗೇ ಬೆಲೆ ಜಾಸ್ತಿ! ಸೊನ್‌ಬೆ ಸೋಲ್‌ಗೆ ಹೊರಡುವಾಗ ಹೇಳಿದ್ದು ಒಂದೇ ಮಾತು: ‘ನಿನ್ನ ಹತ್ತಿರ ಸ್ಕ್ರೀನ್‌ಶಾಟ್ ಕೇಳಲ್ಲ.’

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿತ್ತು. ಬೇಳೆ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಒರೆಸಿ, ತೊಳೆದು, ಬೈದುಕೊಂಡು ತಿರುಗಿ ನೋಡಿದರೆ ಓಟಿಂಗ್ ಮುಗಿದಿತ್ತು. ಫೋನಿನಲ್ಲಿ ಅವಳ ಮೆಸೇಜ್: ‘ಹಾಕಿದೆಯಾ?’

‘ಹೂಂ’ ಅಂದೆ.

ಜಿನ್‌ಹ್ಯೊಕ್ 14ನೆಯವನಾದ. ಸೊನ್‌ಬೆ ಕೊನೆಯ ರೈಲು ಹತ್ತಿ ಬಂದಳು. ಸೋಮವಾರ ಲ್ಯಾಬಿನಲ್ಲಿ ಊದಿದ ಕಣ್ಣು, ಮಾತಿಲ್ಲ. ನನ್ನ ಒಂದು ಓಟಿನಿಂದ ಏನೂ ಆಗುತ್ತಿರಲಿಲ್ಲ ಅಂತ ಗೊತ್ತು. ಆದರೂ ಅವಳ ಎದುರು ಕಾಫಿ ಕುಡಿಯಲಾಗಲಿಲ್ಲ.

ಅಷ್ಟರಲ್ಲಿ ಅಭಿಮಾನಿಗಳು ಓಟಿನ ಲೆಕ್ಕ ಹಿಡಿದು ಕೂತಿದ್ದರು. ಒಂದನೆಯವನಿಗೆ 13,34,011, ಎರಡನೆಯವನಿಗೆ 13,04,033. ವ್ಯತ್ಯಾಸ 29,978. ಮೂರು-ನಾಲ್ಕರ ನಡುವೆಯೂ 29,978. ಆರು-ಏಳು, ಏಳು-ಎಂಟು, ಹತ್ತು-ಹನ್ನೊಂದರ ನಡುವೆಯೂ ಅದೇ! ಎಲ್ಲರ ಓಟೂ 7494.442ರ ಮಗ್ಗಿಯಲ್ಲೇ ಕೂರುತ್ತಿತ್ತು. ಸೊನ್‌ಬೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಎಕ್ಸೆಲ್ ತೆರೆದಳು. ಪ್ರಯೋಗದ ಡೇಟಾ ನೋಡಿ ನೋಡಿ ಕಣ್ಣು ಹಾಳಾದವರು ನಾವು. ನಿಜವಾದ ಎಣಿಕೆ ಇಷ್ಟು ನೀಟಾಗಿ ಬರೋದೇ ಇಲ್ಲ.

ನನಗೆ ಮೊದಲು ಬಂದದ್ದು ಸಿಟ್ಟಲ್ಲ. ಹಗುರಾಯಿತು. ಅದನ್ನು ಇವತ್ತಿಗೂ ಒಪ್ಪಿಕೊಳ್ಳಲು ನಾಚಿಕೆ.

ಅಭಿಮಾನಿಗಳು ವಕೀಲರನ್ನು ಹಿಡಿದು ದೂರು ಕೊಟ್ಟರು. ನವೆಂಬರ್‌ನಲ್ಲಿ ಶೋ ನಿರ್ದೇಶಕನ ಬಂಧನವಾಯಿತು, ಮುಂದೆ ಎರಡು ವರ್ಷ ಜೈಲು. ಈ ಸೀಸನ್ ಮಾತ್ರವಲ್ಲ, ನಾಲ್ಕೂ ಸೀಸನ್‌ಗಳಲ್ಲಿ ಓಟು ತಿದ್ದಿದ್ದರಂತೆ. ಗೆದ್ದ ಹುಡುಗರ ‘ಎಕ್ಸ್ ಒನ್’ ಗುಂಪು 2020ರ ಜನವರಿ 6ಕ್ಕೆ ಒಡೆದುಹೋಯಿತು, ಹುಟ್ಟಿ ಐದು ತಿಂಗಳೂ ಆಗಿರಲಿಲ್ಲ. ಆ ಹುಡುಗರದೇನು ತಪ್ಪು ಹೇಳಿ.

2020ರ ನವೆಂಬರ್ ಹೊತ್ತಿಗೆ ನಾನು ಊರಿಗೆ ಬಂದಾಗಿತ್ತು. 18ನೇ ತಾರೀಖು ಮೇಲ್ಮನವಿ ಕೋರ್ಟು ಅನ್ಯಾಯವಾದವರ ಹೆಸರುಗಳನ್ನು ಓದಿ ಹೇಳಿತು. ಲಾಭ ಪಡೆದವರ ಹೆಸರು ಹೇಳಲಿಲ್ಲ, ಅವರು ಸುಮ್ನೆ ಬಲಿಯಾಗಬಾರದು ಅಂತ. ಪಟ್ಟಿಯಲ್ಲಿ ಲೀ ಜಿನ್‌ಹ್ಯೊಕ್ ಇದ್ದ. ಸೊನ್‌ಬೆ ಅದರ ಫೋಟೋ ಕಳಿಸಿದಳು. ಕೆಳಗೆ ಬರೆದಿದ್ದಳು: ‘ನಿನ್ನ 100 ವೊನ್ ಕೂಡ ಕದ್ದರು ನೋಡು.’

ಅಳುವ ಮುಖದ ಇಮೋಜಿ ಒಂದು ಕಳಿಸಿ ಫೋನ್ ಪಕ್ಕಕ್ಕಿಟ್ಟೆ.