ಎರಡನೇ ರನ್‌ನಲ್ಲಿ ಬಾಯಿ ಮುಚ್ಕೊಂಡ ಗ್ರೇಡಲ್ ಲಿಸನರ್

ಗ್ರೇಡಲ್‌ಗೆ, ಅಂದ್ರೆ ಕೋಡನ್ನ ಬಿಲ್ಡ್ ಮಾಡೋ ಟೂಲ್‌ಗೆ, ನಾನು ಬರೀತಿರೋ ಟೈಮರ್ ಪ್ಲಗಿನ್ ಈ ವೀಕೆಂಡಲ್ಲಿ ಸ್ವಲ್ಪ ಮುಂದೆ ಹೋಯ್ತು, ಅಂದ್ರೆ ಶನಿವಾರ ಪೂರ್ತಿ ಹಿಂದೆ ಹೋಗಿ ಭಾನುವಾರ ಮುಂದೆ ಬಂತು.

ಬಿಲ್ಡ್‌ನ ಯಾವ ಟಾಸ್ಕ್ (ಅದರ ಒಂದೊಂದು ಕೆಲಸ) ಎಷ್ಟು ಹೊತ್ತು ತಗೊಳ್ತು ಅನ್ನೋದು ಮೊದಲೇ ಬರ್ತಿತ್ತು. ಅದಕ್ಕೆ ಗ್ರೇಡಲ್ 6.1ರಲ್ಲೇ ಬಿಲ್ಡ್‌ಈವೆಂಟ್ಸ್‌ಲಿಸನರ್‌ರಿಜಿಸ್ಟ್ರಿ ಅಂತ ಪಬ್ಲಿಕ್ ದಾರಿ ಬಂದಿದೆ, ಒಂದು ಬಿಲ್ಡ್ ಸರ್ವಿಸ್ (ಟಾಸ್ಕ್‌ಗಳೆಲ್ಲ ಹಂಚ್ಕೊಳ್ಳೋ ಆಬ್ಜೆಕ್ಟ್) ಬರೆದು ಆನ್‌ಟಾಸ್ಕ್‌ಕಂಪ್ಲೀಷನ್‌ಗೆ ಕೊಟ್ರೆ ಮುಗೀತು. ಆದ್ರೆ ಅಲ್ಲಿ ಸಿಗೋದು ಟಾಸ್ಕ್ ಮುಗಿದ ಸುದ್ದಿ ಅಷ್ಟೇ, ನಂಗೆ ಬೇಕಿದ್ದಿದ್ದು ಜಾರ್ (ಲೈಬ್ರರಿ ಫೈಲ್) ಡೌನ್‌ಲೋಡ್‌ಗೆ ಹೋಗೋ ಟೈಮು. ಅದು ಬಿಲ್ಡಲ್ಲಿ ಆಗೋದನ್ನೆಲ್ಲ ಕೇಳಿಸ್ಕೊಳ್ಳೋ, ಗ್ರೇಡಲ್ ಒಳಗಿನ ಬಿಲ್ಡ್‌ಆಪರೇಷನ್‌ಲಿಸನರ್ ಹತ್ರ ಇದೆ, ಪ್ಯಾಕೇಜ್ ಹೆಸರಲ್ಲೇ ಇಂಟರ್ನಲ್, ಅಂದ್ರೆ ಹೊರಗಿನವರು ಬಳಸೋಕಲ್ಲ ಅಂತ ಬೋರ್ಡ್ ಹಾಕಿದ್ದಾರೆ, ನಾನು ಬೋರ್ಡ್ ಓದಿಯೇ ಒಳಗೆ ನುಗ್ಗಿದ್ದು.

ಗ್ರೇಡಲ್ ಆಬ್ಜೆಕ್ಟನ್ನ ಗ್ರೇಡಲ್‌ಇಂಟರ್ನಲ್‌ಗೆ ಕಾಸ್ಟ್ ಮಾಡಿ, ಸರ್ವೀಸಸ್‌ನಿಂದ ಬಿಲ್ಡ್‌ಆಪರೇಷನ್‌ಲಿಸನರ್‌ಮ್ಯಾನೇಜರ್ ಎಳ್ಕೊಂಡು, ಪ್ಲಗಿನ್ ಹಚ್ಚಿದಾಗ ಓಡೋ ಅಪ್ಲೈ ಮೆಥಡ್ ಒಳಗೇ ಲಿಸನರ್ ಸೇರಿಸ್ದೆ. ಈವೆಂಟ್‌ಗಳ ಸುರಿಮಳೆ! ಡೀಟೇಲ್ಸ್ ಟೈಪ್ ನೋಡಿ ಎಕ್ಸ್‌ಟರ್ನಲ್ ರಿಸೋರ್ಸ್ ರೀಡ್ ಮತ್ತೆ ಟಾಸ್ಕ್ ಎರಡನ್ನೇ ಉಳಿಸ್ಕೊಂಡ್ಮೇಲೆ ಯಾವ ಯುಆರ್‌ಎಲ್, ಎಷ್ಟು ಬೈಟ್ ಅಂತ ಚೆಂದಾಗಿ ಬಂತು. ಇನ್ನೊಂದ್ಸಲ ಓಡಿಸಿದ್ರೆ ಒಂದು ಲೈನೂ ಇಲ್ಲ. ಜಾರ್ ಎಲ್ಲ ಆಗ್ಲೇ ಲೋಕಲ್ಲಾಗಿದೆ ಬಿಡು ಅನ್ಕೊಂಡೆ, ಹೌದು ಆದ್ರೆ ಟಾಸ್ಕ್ ಲೈನ್‌ಗಳೆಲ್ಲಿ? ಮೂರು ಗಂಟೆ ತಲೆ ಕೆರ್ಕೊಂಡ್ಮೇಲೆ ಕನ್ಸೋಲಲ್ಲಿ ಕಣ್ಣೆದುರೇ ಇದ್ದ ಸಾಲು ಕಾಣಿಸ್ತು, ಕಾನ್ಫಿಗರೇಷನ್ ಕ್ಯಾಶ್ ಮರುಬಳಕೆ ಆಗಿದೆ ಅಂತ. ಹಿಂದಿನ ರನ್‌ನ ಸೆಟಪ್ಪನ್ನ ಉಳಿಸಿಟ್ಟು ಮತ್ತೆ ಬಳಸೋದೇ ಈ ಕ್ಯಾಶ್, ಅದು ಹಿಟ್ ಆದ್ರೆ ಅಪ್ಲೈ ಓಡೋದೇ ಇಲ್ಲ, ಇನ್ನು ಲಿಸನರ್ ಸೇರಿಸೋರ್ಯಾರು!

ಭಾನುವಾರ ಸೋರ್ಸ್ ಕೆದಕಿದಾಗ ಅದೇ ಪಬ್ಲಿಕ್ ರಿಜಿಸ್ಟ್ರಿಗೆ ಒಂದು ಇಂಟರ್ನಲ್ ತಮ್ಮ ಇರೋದು ಸಿಕ್ತು, ಅದ್ರಲ್ಲಿ ಆನ್‌ಆಪರೇಷನ್‌ಕಂಪ್ಲೀಷನ್ ಅಂತ ಮೆಥಡ್. ನಮ್ಮ ಬಿಲ್ಡ್ ಸರ್ವಿಸ್‌ನ ಪ್ರೊವೈಡರ್ ಅದಕ್ಕೆ ಕೊಟ್ರೆ ಕ್ಯಾಶ್ ಜೊತೆ ಅದೂ ಉಳ್ಕೊಳ್ಳುತ್ತೆ. ಮುಗಿದ ಈವೆಂಟ್ ಮಾತ್ರ ಸಾಕು, ಶುರುವಾದ ಟೈಮೂ ಅದರೊಳಗೇ ಇರುತ್ತೆ. ಎರಡನೇ ರನ್‌ನಲ್ಲೂ ಟಾಸ್ಕ್ ಲೈನ್ ಬಂತು.

ಈಗ ಫ್ರೆಂಡ್ ಒಬ್ಬ ಅವನ ಪ್ಲಗಿನ್‌ಗೂ ಈ ಈವೆಂಟ್ ಬೇಕು ಅಂತಿದ್ದಾನೆ. ಇಂಟರ್ನಲ್ ಟೈಪ್‌ಗಳನ್ನ ಅವನ ಕೈಗೆ ಕೊಡಲ್ಲ, ಕೊಟ್ರೆ ಮುಂದಿನ ವರ್ಷನ್‌ಗೆ ಇಬ್ರೂ ಒಟ್ಟಿಗೆ ಅಳ್ಬೇಕು. ಹೆಸರು, ಶುರು, ಕೊನೆ, ಬೈಟ್ ಇಷ್ಟೇ ಇರೋ ನಮ್ದೇ ಪುಟ್ಟ ಇಂಟರ್‌ಫೇಸ್ ಎಕ್ಸ್‌ಟೆನ್ಷನ್‌ನಿಂದ ಕೊಡೋದು, ಇಂಟರ್ನಲ್ ಇಂಪೋರ್ಟ್‌ಗಳೆಲ್ಲ ಒಂದೇ ಫೈಲಲ್ಲಿ. ಟೆಸ್ಟ್‌ಕಿಟ್ (ಗ್ರೇಡಲ್ ಪ್ಲಗಿನ್ ಪರೀಕ್ಷೆ ಮಾಡೋ ಲೈಬ್ರರಿ) ಟೆಸ್ಟ್ ಇನ್ನೂ ಅರ್ಧ ಆಗಿದೆ, ಅದು ಒಂದೇ ಬಿಲ್ಡನ್ನ ಎರಡು ಸಲ ಓಡಿಸಿ ಎರಡನೇದನ್ನ ಮಾತ್ರ ಚೆಕ್ ಮಾಡುತ್ತೆ.